ಹೆಂಡತಿಯ ಹೆಸರು ಎಂಬ ಕಲಂ

ಸಿಬ್ಬಂದಿ ವಿಭಾಗದ ಮೇಡಂ ಅವರಿಗೆ,

ವಿದೇಶ ನಿಯೋಜನೆಯ ಅರ್ಜಿಯಲ್ಲಿ ‘ಹೆಂಡತಿಯ ಹೆಸರು’ ಎಂಬ ಕಲಂ ಮಾತ್ರ ಇತ್ತು. ಬೇರೆ ದಾರಿಯಿಲ್ಲದೆ ಅಲ್ಲಿ ಗಂಡನ ಹೆಸರು ಬರೆದೆ. ನಿಮ್ಮವರು ತಪ್ಪು ತಿದ್ದುತ್ತೇವೆಂದು ಹೆಸರುಗಳನ್ನು ಅದಲುಬದಲು ಮಾಡಿ, ಚಿತ್ರಕಲೆ ಮೇಷ್ಟ್ರಾದ ಅವರನ್ನೇ ಇಂಜಿನಿಯರ್ ಮಾಡಿಬಿಟ್ಟಿದ್ದಾರೆ.

ನಿನ್ನೆ ಬಾಯ್ಲರಿನ ಒತ್ತಡ ಏರಿದಾಗ ನಿಮ್ಮ ಪಟ್ಟಿ ನೋಡಿ ಕಾರ್ಖಾನೆಯ ಹೊಸ ಪಾಳಿಯವರು ಫೋನು ಮಾಡಿದ್ದೂ ಅವರಿಗೇ.

“ಒಂದ್ನಿಮಿಷ ಇರಿ, ಇಂಜಿನಿಯರ್ ಸ್ನಾನಕ್ಕೆ ಹೋಗಿದ್ದಾಳೆ,” ಎಂದರು.

“ತಮಾಷೆ ಸಾಕು ಸಾರ್, ಬೇಗ ಬನ್ನಿ,” ಎಂದು ಆ ಕಡೆಯವರು ಫೋನಿಟ್ಟರು.

ಒದ್ದೆ ತಲೆಯಲ್ಲೇ ಓಡಿದೆ. ಬಾಯ್ಲರ್ ಉಳಿಯಿತು. ದಯವಿಟ್ಟು ಹೆಸರು ಸರಿಪಡಿಸಿ.

ಇನ್ನೊಂದು ಮಾತು. ನೌಕರರ ಹೆಂಡತಿಯರ ಚಹಾಕೂಟಕ್ಕೆ ನನ್ನನ್ನು ಕರೆದಿದ್ದೀರಿ. ಆ ಕರೆಯೋಲೆಯನ್ನು ನನ್ನ ಗಂಡನ ಹೆಸರಿಗೇ ಕಳಿಸಿ. ಕೆಲಸ ಬಿಟ್ಟು ನನ್ನ ಜೊತೆ ಬಂದವರು. ಮಾತಿಗೊಬ್ಬರಿಲ್ಲದೆ, ಮೂರು ತಿಂಗಳಲ್ಲಿ ಮನೆಯ ಒಂದೇ ಕಿಟಕಿಯ ಚಿತ್ರವನ್ನು ಹನ್ನೊಂದು ಸಲ ಬರೆದಿದ್ದಾರೆ.

ಇತಿ,
ಬಾಯ್ಲರ್ ಇಂಜಿನಿಯರ್
(ಹೆಂಡತಿಯೇ)