ಗಡಿಗೆಯಂತೆ ಬಡಿದು ಆರಿಸಿದ ಗಿಟಾರ್

ರೀ,

ನಾನು ಶಾಲೆಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿದೆ, ಉಂಡೇ ಹೊರಡಿ.

ಗ್ರಾಂಟ್ ರೋಡಿನ ಹಳೇ ವಾದ್ಯಗಳ ಅಂಗಡಿಯಲ್ಲಿ ನಿಮಗೊಂದು ಎಲೆಕ್ಟ್ರಿಕ್ ಗಿಟಾರ್ ತೆಗೆದಿಡಿಸಿದ್ದೇನೆ. ಬಾಯಲ್ಲಿ ಹೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಈ ಚೀಟಿ. ಸಂಜೆ ಐದರೊಳಗೆ ಹೋಗಿ ನುಡಿಸಿ ನೋಡಿ.

ಅಂಗಡಿಯ ಮುಂದೆಯೇ ತೂಗುಹಾಕಿರುವ ಕೆಂಪು ಗಿಟಾರಿನ ಹೊಳಪಿಗೆ ಮರುಳಾಗಬೇಡಿ. ಅದು ಗಟ್ಟಿ ಹಲಗೆ, ಕರೆಂಟಿಲ್ಲದೆ ಬಾಯಿ ಬಿಡುವುದಿಲ್ಲ. ಬೆಲೆಯೂ ನಮಗೆ ಎಟುಕದು. ನಾನು ತೆಗೆದಿಡಿಸಿದ್ದು ಮೂಲೆಯಲ್ಲಿರುವ ಕಂದು ಗಿಟಾರ್, ಅದು ಒಳಗೆ ಪೊಳ್ಳು. ಕರೆಂಟಿಲ್ಲದಿದ್ದರೂ ಮೆಲ್ಲಗೆ ಗುನುಗುತ್ತದೆ, ನಮ್ಮ ಚಾಳಿನ ತೆಳು ಗೋಡೆಗಳಿಗೆ ಅಷ್ಟು ಸಾಕು. ಗಡಿಗೆ ಕೊಳ್ಳುವಾಗಿನಂತೆ ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಅಂಗಡಿಯ ಖಂಡಪ್ಪನವರು, ನಮ್ಮ ಬೆಳಗಾವಿ ಕಡೆಯವರೇ, ನಕ್ಕರು. "ನಗಬ್ಯಾಡ್ರಿ, ಒಡಕಿದ್ರ ದನಿನ ಹೇಳತೈತಿ" ಅಂದೆ. ಒಡಕಿಲ್ಲ.

ಗಿಟಾರ್ ಮುಟ್ಟಿ ಎಂಟು ವರ್ಷವಾಯಿತು, ಕೈ ಮರೆತಿದೆ ಎಂದು ಹೇಳಲೇಬೇಡಿ. ರವಿವಾರ ಮಧ್ಯಾಹ್ನ ನಿದ್ದೆಯಲ್ಲಿ ನನ್ನ ಮುಂಗೈಯನ್ನೇ ತಂತಿ ಎಂದುಕೊಂಡು ಒತ್ತಿ ಒತ್ತಿ ನುಡಿಸುತ್ತೀರಿ. ಒಮ್ಮೆಯೂ ತಾಳ ತಪ್ಪಿಲ್ಲ. ನಾನೂ ಒಮ್ಮೆಯೂ ಕೈ ಎಳೆದುಕೊಂಡಿಲ್ಲ.

ತಂತಿ ಒತ್ತುವ ಎಡಗೈಯ ಉಗುರು ಕತ್ತರಿಸಿಕೊಂಡು ಹೋಗಿ.

ಗಿಟಾರ್ ಮನೆಗೆ ಬಂತೆಂದು ನನ್ನ ಕೈ ಮರೆತೀರಿ, ನೋಡಿ ಮತ್ತೆ!

ಮಲ್ಲವ್ವ