ಪುನರ್ಪುಳಿ, ಅನಾನಸು, ಎಂಟು ಕುರ್ಚಿ

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 6.30

ನಿನ್ನೆ ಬಂಟ್ವಾಳದಲ್ಲಿ, ದೊಡ್ಡಪ್ಪನ ಮಗಳು ನವ್ಯಾಳ ಮೆಹಂದಿಯಲ್ಲಿ, ಅಮ್ಮ ನಲವತ್ತೆರಡು ಗ್ಲಾಸು ತೊಳೆದಳು. ಒಂದರಲ್ಲೂ ಕುಡಿದದ್ದು ಅವಳಲ್ಲ. ಇದು ತಪ್ಪು. ಬೇರೆ ಹೆಸರಿಲ್ಲ ಇದಕ್ಕೆ.

ಬಂಟ್ವಾಳದಲ್ಲೂ ನಮ್ಮ ಮುಂಡಾಜೆಯ ಹಾಗೆಯೇ. ಮನೆಯ ಹಿಂದೆ ಗಂಡಸರ ಕೌಂಟರ್. ಬ್ರಾಂಡಿ, ಬಿಯರ್, ಚಿಕನ್ ಸುಕ್ಕ, ಬಾಡಿಗೆಗೆ ತಂದ ಕುರ್ಚಿಗಳೆಲ್ಲ ಅಲ್ಲಿಗೆ. ಹೆಂಗಸರಿಗೆ ಕಿತ್ತಳೆ ಬಣ್ಣದ ಶರಬತ್ತು, ಅದೂ ನಿಂತುಕೊಂಡು. ಅಮ್ಮ ನವ್ಯಾಳ ಸ್ವಂತ ಚಿಕ್ಕಮ್ಮ, ಬಂದದ್ದು ನೆಂಟಳಾಗಿ. ಆದರೂ ಇಡೀ ಸಂಜೆ ನಲ್ಲಿಯ ಬುಡದಲ್ಲಿ. ಟ್ರೇ ಮುಗಿಯುವಷ್ಟರಲ್ಲಿ ದೊಡ್ಡಪ್ಪ ಇನ್ನೊಂದು ತಂದಿಡುತ್ತಿದ್ದರು — "ಪದ್ಮಾಕ್ಷಿ, ಇದೊಂದು."

ಬಸ್ಸಿನಲ್ಲಿ ಕೇಳಿದೆ.

"ನೀನು ಯಾಕೆ ಕೂರಲಿಲ್ಲ?"

"ಕೂತ್ರೆ ಯಾರು ತೊಳೀತಾರೆ ಮಾರಾಯ್ತಿ?"

ಅಷ್ಟು ಹೇಳಿ ನಿದ್ದೆ ಹೋದಳು. ಬೆರಳ ತುದಿಗಳೆಲ್ಲ ಸುಕ್ಕುಗಟ್ಟಿದ್ದವು.

ಇದೇ 26ಕ್ಕೆ ನಮ್ಮ ಮನೆಯಲ್ಲಿ ಅಕ್ಕನ ಮೆಹಂದಿ.

ಏಪ್ರಿಲ್ 9. ಸಂಜೆ

ಮಹಿಳಾ ಹಕ್ಕುಗಳ ಹಳದಿ ರಟ್ಟಿನ ಪುಸ್ತಿಕೆಯ ಹನ್ನೊಂದನೇ ಪುಟ, ನಾಲ್ಕನೇ ಸಲ. ಹೆಂಗಸಿನ ಬಿಡುವಿನ ಬಗ್ಗೆ. ಪೆನ್ಸಿಲ್ ಗೆರೆಯ ಮೇಲೆ ಪೆನ್ನಿನ ಗೆರೆ ಎಳೆದೆ.

ತೀರ್ಮಾನ: ಮೆಹಂದಿಯಲ್ಲಿ ಹೆಂಗಸರಿಗೂ ಒಂದು ಪಾನೀಯ. ವೋಡ್ಕಾ, ಅದರಲ್ಲಿ ನಮ್ಮದೇ ಹಣ್ಣು. ಮನೆಯಲ್ಲೇ ಮಾಡುವುದು. ಹಿಂದೆ ಅಡಗಿಸಿಕೊಂಡು ಅಲ್ಲ, ಎಲ್ಲರ ಎದುರು. ನಾನು ಕುಡಿಯುವುದಿಲ್ಲ. ಆದರೆ ಕುಡಿಯದವಳು ಬೇರೆಯವರ ಗ್ಲಾಸಿಗಾಗಿ ಹೋರಾಡಬಾರದೆಂದು ಎಲ್ಲೂ ಬರೆದಿಲ್ಲ.

ಅಕ್ಕನಿಗೆ ಹೇಳಿದೆ.

"ಕ್ರಾಂತಿಗೆ ನನ್ನ ಮದುವೆಯೇ ಸಿಕ್ಕಿತಾ ನಿಂಗೆ? ತೋಡಾರಿನವರು ಏನು ತಿಳ್ಕೊಳ್ಳುವುದು?"

ತೋಡಾರು ಭಾವನ ಮನೆ. "ಅವರಲ್ಲೂ ಹೆಂಗಸರು ಉಂಟಲ್ಲ" ಎಂದೆ.

ಅಕ್ಕ ಸ್ವಲ್ಪ ಹೊತ್ತು ಸೀರೆ ಮಡಚಿದಳು. ಆಮೇಲೆ — "ಅಮ್ಮ ಕೂತ್ರೆ ನಂದೇನೂ ಅಡ್ಡಿ ಇಲ್ಲ. ಆದ್ರೆ ಕೂರುವುದಿಲ್ಲ, ನೋಡು. ಹುಟ್ಟಿದಲ್ಲಿಂದ ನೋಡಿದ್ದೇನೆ."

ನೋಡುವ.

ಏಪ್ರಿಲ್ 12, ಶನಿವಾರ

ಬೆಳ್ತಂಗಡಿ. ವೈನ್‌ಶಾಪು. ಮೂರು ಸಲ ಎದುರಿನಿಂದ ಹಾದುಹೋದೆ. ನಾಲ್ಕನೇ ಸಲ ಒಳಗೆ.

ಕೌಂಟರಿನಲ್ಲಿ ಧರ್ಣಪ್ಪಣ್ಣ. ಅಪ್ಪನ ಪರಿಚಯ. ನನ್ನನ್ನೇ ನೋಡಿದರು.

"ನೀನಲ್ವಾ ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕುಡಿತ ಬಿಡಿ ಅಂತ ಕಾಗದ ಹಂಚಿದ್ದು?"

"ಹೌದು."

"ನನಗೂ ಒಂದು ಕೊಟ್ಟಿದ್ದೆ."

"ಹೌದು. ಈಗ ಒಂದು ವೋಡ್ಕಾ ಕೊಡಿ."

"ಯಾರಿಗೆ?"

"ನಿಮ್ಮ ಹತ್ರ ಬಂದ ಗಂಡಸರಿಗೆಲ್ಲ ಯಾರಿಗೆ ಅಂತ ಕೇಳ್ತೀರಾ?"

ಹಿಂದೆ ನಿಂತಿದ್ದವನೊಬ್ಬ ನಕ್ಕ. ಧರ್ಣಪ್ಪಣ್ಣ ಬಾಟಲಿಯನ್ನು ಎರಡು ಪೇಪರಿನಲ್ಲಿ ಸುತ್ತಿದರು. ಒಂದನ್ನು ಬಿಚ್ಚಿ ಅಲ್ಲೇ ಬಿಟ್ಟು ಬಂದೆ. ಎರಡನೆಯದನ್ನು ಬಿಚ್ಚುವ ಧೈರ್ಯ ಬರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಏಪ್ರಿಲ್ 13

ಮರದಲ್ಲಿ ಪುನರ್ಪುಳಿ, ಪೇಟೆಯವರ ಕೋಕಂ, ಇನ್ನೂ ಹಸಿರು. ಭರಣಿಯಲ್ಲಿ ಹೋದ ವರ್ಷದ ಒಣಸಿಪ್ಪೆ ಇತ್ತು. ಎರಡು ಹಿಡಿ ವೋಡ್ಕಾಕ್ಕೆ ಹಾಕಿದೆ. ಹತ್ತು ನಿಮಿಷದಲ್ಲಿ ದಾಸವಾಳದ ಬಣ್ಣ. ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿ ಅಜ್ಜಿಯ ಕೋಣೆಯಲ್ಲಿ, ಕಷಾಯದ ಬಾಟಲಿಗಳ ಹಿಂದೆ ಇಟ್ಟೆ. ನಾಲ್ಕು ದಿನ.

ಏಪ್ರಿಲ್ 17

ಅಜ್ಜಿ ಕರೆದಳು. ಬಾಟಲಿ ಅವಳ ಮಡಿಲಲ್ಲಿ.

"ಇದು ಯಾವ ಕಾಯಿಲೆಗೆ?"

ಹೇಳಿದೆ. ಎಲ್ಲವನ್ನೂ. ನಲವತ್ತೆರಡು ಗ್ಲಾಸನ್ನೂ.

ಅಜ್ಜಿ ಮುಚ್ಚಳಕ್ಕೆ ಸುರಿದು ನೆಕ್ಕಿದಳು. "ಸಮುದ್ರ ಕುಡಿದ ಹಾಗೆ ಉಂಟು. ಯಾವ ಭರಣಿಯದ್ದು ಹಾಕಿದ್ದು ನೀನು?"

ಮೀನು ಸಾರಿಗೆಂದು ಉಪ್ಪು ಹಾಕಿ ಒಣಗಿಸಿದ ಸಿಪ್ಪೆ. ಶರಬತ್ತಿನದ್ದು ಬೇರೆ ಭರಣಿಯಂತೆ. ಇಪ್ಪತ್ತಮೂರು ವರ್ಷ ಈ ಮನೆಯಲ್ಲಿ ಉಂಡಿದ್ದೇನೆ, ಅಡುಗೆಮನೆಯ ಎರಡು ಭರಣಿ ಗೊತ್ತಿಲ್ಲ. ನಾಚಿಕೆ. ಚೆಲ್ಲಲು ಹೊರಟೆ.

"ಚೆಲ್ಬೇಡ. ಅನಾನಸು ಹಾಕು. ಉಪ್ಪು ಇಲ್ಲದೆ ಅನಾನಸು ಯಾರು ತಿಂತಾರೆ? ಒಂದು ಗಾಂಧಾರಿ ಮೆಣಸು ಸೀಳಿ ಹಾಕು."

ಮತ್ತೆ ಅವಳಷ್ಟಕ್ಕೇ — "ನಟ್ಟಿ ಮುಗಿದ ದಿನ ನಮಗೂ ಕಳ್ಳು ಕೊಡ್ತಿದ್ರು. ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ, ಸಾಲಾಗಿ ಕೂರುವುದು, ಕೆಸರು ಕಾಲು ನೀಟಿಕೊಂಡು. ಕಳ್ಳಿನ ರುಚಿ ಮರೆತುಹೋಯ್ತು. ಕೂತದ್ದು ನೆನಪುಂಟು."

ಪುಸ್ತಿಕೆಯಲ್ಲಿ ಇದು ಇಲ್ಲ. ಹನ್ನೊಂದನೇ ಪುಟದ ಅಂಚಿನಲ್ಲಿ ಬರೆದುಕೊಂಡೆ.

ಏಪ್ರಿಲ್ 23

ಕೊನೆಯ ಅಳತೆ: ಪುನರ್ಪುಳಿ ವೋಡ್ಕಾ ಒಂದು ಪಾಲು, ಅನಾನಸಿನ ರಸ ಮೂರು, ಲಿಂಬೆ, ಸ್ವಲ್ಪ ಸಕ್ಕರೆ ಪಾಕ, ಮೇಲಿಂದ ಸೋಡಾ. ಮೆಣಸು ಅರ್ಧ ಸಾಕು. ರುಚಿ ನೋಡುವವಳು ಅಜ್ಜಿ. ದಿನಕ್ಕೆ ಒಂದು ಮುಚ್ಚಳ, ಹೆಚ್ಚಿಲ್ಲ. ಬೇಡದವರಿಗೆ ಬರೇ ಹಣ್ಣಿನದ್ದು, ಬೇರೆ ಜಗ್. ಆರಿಸಿಕೊಳ್ಳುವ ಹಕ್ಕು ಮುಖ್ಯ.

ಪಕ್ಕದ ಮನೆಯ ಕಾಂತಿ ಅಕ್ಕನಿಗೆ ಹೇಳಿದೆ. "ಅಯ್ಯೋ ದೇವರೇ, ನನಗೆ ಬೇಡ." ಗೇಟಿನ ತನಕ ಹೋಗಿ ತಿರುಗಿ ಬಂದರು. "ಸಿಹಿ ಇರ್ತದಾ?"

ಅಮ್ಮನಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ 11

ಮದುವೆ ಮುಗಿಯಿತು. ಅಕ್ಕ ತೋಡಾರಿನಲ್ಲಿ. ಮನೆ ಖಾಲಿ ಖಾಲಿ… ಶನಿವಾರದ್ದು ಬರೆಯಬೇಕು.

ಬಾವಿಕಟ್ಟೆಯ ಬಳಿ ಎಂಟು ಕುರ್ಚಿ ಹಾಕಿದ್ದೆ. ಆರೂವರೆಗೆ ನೋಡಿದರೆ ಎರಡು. ಕೌಂಟರಿಗೆ ಹೋಗಿ ಆರನ್ನೂ ವಾಪಸ್ ತಂದೆ. ಒಂದರಲ್ಲಿ ಮಾವ ಕೂತಿದ್ದರು, ಎಬ್ಬಿಸಿದೆ. ಏಳು ಗಂಟೆ. ಅಜ್ಜಿ ಒಬ್ಬಳೇ ಕೂತಿದ್ದಳು. ಏಳು ಕುರ್ಚಿ ಹಾಗೆಯೇ. ಹೆಂಗಸರು ದೂರದಿಂದ ನೋಡಿ ಒಳಗೆ ಹೋಗುತ್ತಿದ್ದರು. ಜಗ್ಗಿನಲ್ಲಿ ಐಸು ಕರಗುತ್ತಿತ್ತು. ಅಮ್ಮ ನಲ್ಲಿಯ ಬುಡದಲ್ಲಿ. ಹೇಳಬೇಕೆಂದು ಬರೆದಿಟ್ಟ ಆರು ಅಂಶಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅಜ್ಜಿಯೇ ಕರೆದಳು. "ಪದ್ಮಾ, ಇಲ್ಲಿ ಬಾ. ಒಬ್ಬಳೇ ಕುಡಿದ್ರೆ ನನಗೆ ಇಳಿಯುವುದಿಲ್ಲ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು, ಈಗಲೇ ಏಳುವವಳ ಹಾಗೆ. ಗ್ಲಾಸು ನೋಡಿದಳು.

"ಇದರಲ್ಲಿ ಎಂಥ ಉಂಟು?"

"ವೋಡ್ಕಾ" ಎಂದೆ. "ಬೇಡದಿದ್ರೆ ಆ ಜಗ್ಗಿನಲ್ಲಿ ಬರೇ ಅನಾನಸಿನದ್ದು ಉಂಟು."

ಅಮ್ಮ ಗ್ಲಾಸನ್ನು ಮೂಸಿದಳು. "ಮೀನಿನ ಭರಣಿಗೆ ಕೈ ಹಾಕಿದ್ದು ನೀನೇ ಅಲ್ವಾ?" ಒಂದು ಗುಟುಕು. "ಆಗ್ತದೆ."

ಅಷ್ಟರಲ್ಲಿ ದೊಡ್ಡಪ್ಪ, ಟ್ರೇ ಹಿಡಿದು. "ಪದ್ಮಾಕ್ಷಿ, ಇದೊಂದು —"

ಅಮ್ಮ ಅರ್ಧ ಎದ್ದಳು. ಅಜ್ಜಿ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು.

"ರುಕ್ಮಯ್ಯ, ನಲ್ಲಿ ಅಲ್ಲೇ ಉಂಟು."

ದೊಡ್ಡಪ್ಪ ನಿಂತೇ ಇದ್ದರು. ನನ್ನ ಆರೂ ಅಂಶಗಳು ಈಗ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. ಮತ್ತೆ ಅವರು ನಲ್ಲಿ ತಿರುಗಿಸಿದ ಸದ್ದು.

ಅಮ್ಮ ಕುರ್ಚಿಗೆ ಒರಗಿದಳು.

ಆಮೇಲೆ ಕಾಂತಿ ಅಕ್ಕ ಬಂದರು. ಅವರ ಹಿಂದೆ ಬಂಟ್ವಾಳದ ದೊಡ್ಡಮ್ಮ. ಯಾರು ಯಾವ ಜಗ್ಗಿನಿಂದ ತೆಗೆದುಕೊಂಡರೆಂದು ನಾನು ನೋಡಲಿಲ್ಲ. ಒಬ್ಬೊಬ್ಬರಾಗಿ ಎಂಟೂ ತುಂಬಿದವು. ಮೆಹಂದಿಯ ಕೈಗಳನ್ನು ಎತ್ತಿ ಹಿಡಿದುಕೊಂಡು ಅಕ್ಕ ಬಂದಳು. ಕುರ್ಚಿ ಇರಲಿಲ್ಲ, ಅಮ್ಮನ ಕಾಲ ಬಳಿ ಕೂತಳು. ಬರೇ ಹಣ್ಣಿನ ರಸವನ್ನು ಅಮ್ಮನೇ ಕುಡಿಸಿದಳು. ಅಕ್ಕ ನನ್ನ ಕಡೆ ನೋಡಿದಳು. ಸೋತವಳ ಮುಖ ಅಷ್ಟು ಚಂದ ಇರುವುದನ್ನು ನಾನು ಕಂಡಿರಲಿಲ್ಲ.

ಇನ್ನೊಂದನ್ನೂ ಬರೆಯಬೇಕು. ದೊಡ್ಡಪ್ಪ ತೊಳೆದ ಗ್ಲಾಸುಗಳನ್ನು ಅಮ್ಮ ಇವತ್ತು ಮತ್ತೆ ತೊಳೆದಳು. ಸೋಪು ಹೋಗಿರಲಿಲ್ಲ. ಇದಕ್ಕೆ ಏನು ಮಾಡುವುದೆಂದು ಯಾವ ಪುಸ್ತಿಕೆಯಲ್ಲೂ ಇಲ್ಲ.

ಮೇ 1, ಗುರುವಾರ. ಸಂಜೆ

ಕಾಂತಿ ಅಕ್ಕ ಬೇಲಿಯ ಆಚೆಯಿಂದ ಕೇಳಿದರು — "ಮತ್ತೆ ಯಾವಾಗ ಕೂರುವುದು?"

ಮುಂದಿನ ಮದುವೆಗೆ ಎನ್ನಲು ಬಾಯಿ ತೆರೆದೆ. ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ತಿರುಗಲೂ ಇಲ್ಲ.

"ಮದುವೆ ಯಾಕೆ? ಈ ಆದಿತ್ಯವಾರ ಬನ್ನಿ. ವೋಡ್ಕಾ ಬೇಡ, ಮರದಲ್ಲಿ ಪುನರ್ಪುಳಿ ಹಣ್ಣಾಗಿದೆ. ಅವರವರ ಗ್ಲಾಸು ಅವರವರೇ ತನ್ನಿ, ಅವರವರೇ ತೊಳೀರಿ."

ಬಾಡಿಗೆಯ ಕುರ್ಚಿಗಳು ವಾಪಸ್ ಹೋಗಿವೆ. ಮನೆಯಲ್ಲಿ ಇರುವುದು ಮೂರು. ಮತ್ತೆ ಎರಡು ಬೆಂಚು, ಅಜ್ಜಿಗೆ ಒರಗುವ ಕುರ್ಚಿ… ಸಾಲದಿದ್ದರೆ ಚಾಪೆ. ಕಾಲು ನೀಟಲು ಅದೇ ಒಳ್ಳೆಯದು.

ಕೂರುವುದು ಮೇ 4, ಆದಿತ್ಯವಾರ, ಸಂಜೆ ನಾಲ್ಕು ಗಂಟೆಗೆ. ಬಾವಿಕಟ್ಟೆ. ಸಮಯ ಹೇಳಿದ್ದು ಅಮ್ಮ.