ಗೆದ್ದವಳನ್ನು ನದಿಗೆ ಎಸೆದರು

ಜೀಲಾಂಗ್, ಭಾನುವಾರ

ಮಗ ಡಂಕನ್‌ಗೆ,

ನಾನು ನಿನ್ನ ತಾಯಿ, ಆರು ಸಾವಿರ ಕುರಿಗಳಿರುವ ಮನೆಯ ಯಜಮಾನಿ. ಮೂವತ್ತು ವರ್ಷದಿಂದ ಅಲ್ಲಿ ನನ್ನ ಮಾತೇ ಕಡೆಯ ಮಾತು. ಮಗಳು ಮೊರಾಗ್‌ಳ ಓದು ಕೆಡುತ್ತದೆ, ಅವಳಿಂದ ದೋಣಿ ಪಂದ್ಯವನ್ನೂ ಹಾಡನ್ನೂ ಬಿಡಿಸಿ ಬಾ ಎಂದು ನೀನು ನನ್ನನ್ನು ಅವಳ ಶಾಲೆಗೆ ಕಳಿಸಿದೆ.

ನಿನ್ನೆ ಪಂದ್ಯದಲ್ಲಿ ಮೊರಾಗ್‌ಳ ತಂಡದ ದೋಣಿ ಗೆದ್ದಿತು. ಹುಟ್ಟು ಹಾಕಿದವರು ಎಂಟು ಮಂದಿ ಎತ್ತರದ ಹುಡುಗಿಯರು. ಅವರ ಎದುರಿಗೆ ಕುಳಿತು ಚುಕ್ಕಾಣಿ ಹಿಡಿದು ಕೂಗಿ ಕೂಗಿ ನಡೆಸಿದವಳು ನಮ್ಮ ಗಿಡ್ಡಿ ಮೊರಾಗ್. ದಡಕ್ಕೆ ಬಂದದ್ದೇ ತಡ, ಎಂಟೂ ಜನ ಅವಳ ಕೈಕಾಲು ಹಿಡಿದೆತ್ತಿ ನದಿಗೆ ಎಸೆದರು! ನಾನು ಓಡಿಹೋಗಿ ಒಬ್ಬಳ ಬೆನ್ನಿಗೆ ಕೊಡೆಯಿಂದ ಬಾರಿಸಿದೆ.

"ಅಯ್ಯೋ ಅಜ್ಜಿ, ಹೊಡೀಬೇಡಿ! ಗೆದ್ರೆ ಹೀಗೇ ಎಸೆಯೋದು, ಇದು ಅವಳಿಗೆ ಮರ್ಯಾದೆ!" ಎಂದಳು ಏಟು ತಿಂದವಳು.

ನೀರಿನಿಂದ ಮೊರಾಗ್ ಕಿರುಚಿದಳು: "ಇನ್ನೊಂದು ಹಾಕಜ್ಜಿ! ಕೊನೇಲಿ ಸೋಮಾರಿತನ ಮಾಡಿದ್ದು ಇವಳೇ!"

ಸಂಜೆ ಒದ್ದೆ ಕೂದಲಲ್ಲೇ ಶಾಲೆಯ ವೇದಿಕೆಯ ಮೇಲೆ ಒಬ್ಬಳೇ ನಿಂತು ಹಾಡಿದಳು. ಕೂತವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ರಸಾಯನಶಾಸ್ತ್ರದಲ್ಲಿ ತರಗತಿಗೆ ಅವಳೇ ಮೊದಲು. ಓದು ಎಲ್ಲಿ ಕೆಟ್ಟಿದೆ, ಹೇಳು?

ಓಡಿದ್ದಕ್ಕೆ ನನ್ನ ಮಂಡಿ ಊದಿದೆ, ಮುಲಾಮು ಹಚ್ಚಿದ್ದೇನೆ. ಟಗರುಗಳಿಗೆ ಔಷಧಿ ಕುಡಿಸುವುದನ್ನು ಮರೆಯಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು, ಉಳಿದದ್ದು ಅಂಚಿನಲ್ಲಿ.

ಮುಂದಿನ ವರ್ಷ ದೋಣಿ ತಂಡಕ್ಕೆ ಮೊರಾಗ್ ನಾಯಕಿಯಾಗಲಿ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಹಾಡನ್ನೂ ಬಿಡುವುದಿಲ್ಲ ಎಂದು ಸೇರಿಸಿ, ಮನೆಯವರ ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಿ ಕೊಟ್ಟಾಯಿತು.

ಅಮ್ಮ